ಕ್ಲಿಪ್ ಹಾಕಿದ ಹಲ್ಲು ನೋಯುತ್ತಿದೆ: ಕಾರಣ ತಂತಿಯೋ, ತಿರುಳೋ?

ಸೆಕೆಂಡ್ ಪಿಯುಸಿ ಓದುತ್ತಿದ್ದ ಹುಡುಗಿ. ಹಲ್ಲಿಗೆ ಕ್ಲಿಪ್ ಹಾಕಿಸಿ ಏಳು ತಿಂಗಳಾಗಿತ್ತು. ಅವಳ ತಾಯಿ ಕುರ್ಚಿಯ ಪಕ್ಕದಲ್ಲೇ ನಿಂತು, "ನೋವು ನೋವು ಅಂತ ಹೇಳ್ತಾನೇ ಇದ್ಲು ಡಾಕ್ಟ್ರೇ. ಟೈಟ್ ಮಾಡಿದಾಗ ಹಾಗೇ ಆಗುತ್ತೆ ಅಂತ ನಾವೇ ಸುಮ್ನಿರ್ಸಿದ್ವಿ. ಆಮೇಲೆ ತಾನಾಗೇ ಹೋಯ್ತು. ಈಗ ನೋಡಿದ್ರೆ ಹಲ್ಲು ಹೀಗಾಗಿದೆ" ಅಂದರು. ಮೇಲಿನ ಸಾಲಿನಲ್ಲಿ ಬಲಗಡೆಯ ಮುಂದಿನ ಹಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು. ಅದರ ಜೋಡಿ ಹಲ್ಲು ಬೆಳ್ಳಗೇ ಇತ್ತು. ನೋವು ಹೋದದ್ದು ಒಳಗಿನ ತಿರುಳು ಸತ್ತಿದ್ದರಿಂದ.

ಅದಾಗಿ ಸ್ವಲ್ಪ ದಿನಕ್ಕೆ ಒಬ್ಬ ಹುಡುಗ ಚೀಟಿ ಹಿಡಿದುಕೊಂಡು ಬಂದ. ಮೇಲಿನ ಎರಡನೇ ಬಾಚಿಹಲ್ಲು ಕರೆಂಟ್ ಪರೀಕ್ಷೆಗೆ ಸ್ಪಂದಿಸುತ್ತಿಲ್ಲ, ರೂಟ್ ಕೆನಾಲ್ ಮಾಡಿ ಎಂದು ಅದರಲ್ಲಿ ಬರೆದಿತ್ತು. ಅವನ ಹಲ್ಲು ಜೀವಂತವಾಗಿತ್ತು.

ನಾನು ರೂಟ್ ಕೆನಾಲ್ ಚಿಕಿತ್ಸೆ ಮಾಡುವ ದಂತವೈದ್ಯ. ಕ್ಲಿಪ್ ಹಾಕಿದವರಲ್ಲಿ ಈ ಎರಡೂ ಬಗೆಯ ತಪ್ಪು ನಡೆಯುವುದನ್ನು ಮತ್ತೆ ಮತ್ತೆ ನೋಡಿದ್ದೇನೆ: ಸಾಯುತ್ತಿರುವ ಹಲ್ಲನ್ನು "ಬಿಗಿತದ ನೋವು" ಎಂದು ಬಿಟ್ಟುಬಿಡುವುದು, ಬದುಕಿರುವ ಹಲ್ಲನ್ನು ಸತ್ತಿದೆ ಎಂದು ಕೊರೆಯುವುದು. ಕ್ಲಿಪ್ ಹಾಕಿಸಿಕೊಂಡವರು ಮತ್ತು ಅವರ ಮನೆಯವರು ಈ ಎರಡನ್ನೂ ತಪ್ಪಿಸಲು ಯಾವ ಕ್ರಮದಲ್ಲಿ ನೋಡಬೇಕು, ಆಸ್ಪತ್ರೆಯಲ್ಲಿ ಏನು ಕೇಳಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಹಲ್ಲಿನ ಒಳಗೆ ಏನಾಗುತ್ತದೆ

ಹಲ್ಲಿನ ನಡುವೆ ತಿರುಳಿದೆ. ರಕ್ತನಾಳ, ನರ, ಮೆದು ಅಂಗಾಂಶ ಎಲ್ಲ ಸೇರಿದ ಜೀವಂತ ಭಾಗ ಅದು. ಸುತ್ತಲೂ ಡೆಂಟಿನ್‌ನ ಗಟ್ಟಿ ಗೋಡೆ. ಮೈಯಲ್ಲಿ ಬೇರೆಲ್ಲಿ ಪೆಟ್ಟು ಬಿದ್ದರೂ ಆ ಜಾಗ ಊದಿಕೊಂಡು, ನಾಲ್ಕು ದಿನದಲ್ಲಿ ಇಳಿಯುತ್ತದೆ. ತಿರುಳಿಗೆ ಊದಿಕೊಳ್ಳಲು ಜಾಗವೇ ಇಲ್ಲ. ರಕ್ತ ಒಳಗೆ ಬರುವುದೂ ಹೊರಗೆ ಹೋಗುವುದೂ ಮುಖ್ಯವಾಗಿ ಬೇರಿನ ತುದಿಯ ಕಿಂಡಿಯಿಂದ, ಬೆಳೆದವರಲ್ಲಿ ಆ ಕಿಂಡಿ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ಕಿರಿದು. ಅಲ್ಲಿ ತಡೆ ಬಿದ್ದರೆ ಸುತ್ತುಬಳಸಿ ಬರಲು ಬೇರೆ ದಾರಿಯಿಲ್ಲ.

ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರುಪದರವಿದೆ. ಹಲ್ಲು ಸರಿಯುವುದು ಈ ಪದರದ ಕೆಲಸದಿಂದ. ತಂತಿ ಹಲ್ಲನ್ನು ಒಂದು ಬದಿಗೆ ಒತ್ತಿದಾಗ ಆ ಬದಿಯ ಮೂಳೆ ಕರಗುತ್ತದೆ, ಎದುರು ಬದಿಯಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತದೆ. ತಿರುಳಿಗೆ ಇದರಲ್ಲಿ ನೇರ ಪಾತ್ರವಿಲ್ಲ. ಆದರೆ ತಿರುಳಿಗೆ ಹೋಗುವ ರಕ್ತನಾಳ ಇದೇ ಪದರವನ್ನು ದಾಟಿ ಬೇರಿನ ತುದಿಯನ್ನು ಸೇರಬೇಕು. ಪದರ ಹಿಸುಕಿದಾಗ ನಾಳವೂ ಒಂದಿಷ್ಟು ಹಿಸುಕುತ್ತದೆ. ತಂತಿ ಬಿಗಿಸಿದ ಮೊದಲ ದಿನಗಳಲ್ಲಿ ತಿರುಳಿನ ರಕ್ತದ ಹರಿವು ಕುಗ್ಗಿ, ಕೆಲವು ವಾರಗಳಲ್ಲಿ ಮೊದಲಿನಂತಾಗುತ್ತದೆ. ಚಿಕಿತ್ಸೆಗಾಗಿ ಹೇಗಿದ್ದರೂ ಕೀಳಬೇಕಿದ್ದ ಮುಂದವಡೆ ಹಲ್ಲುಗಳಿಗೆ ಬಲ ಹಾಕಿ, ಕಿತ್ತ ಮೇಲೆ ತಿರುಳನ್ನು ಪರೀಕ್ಷಿಸಿದ ಅಧ್ಯಯನವೊಂದು 1980ರಲ್ಲಿ ಪ್ರಕಟವಾಯಿತು. ಅಂಥ ತಿರುಳಿನ ಅಂಗಾಂಶ ಉಸಿರಾಡುವ ವೇಗ ಸರಾಸರಿ ಶೇ 27ರಷ್ಟು ಇಳಿದಿತ್ತು. ಅಂದರೆ ತಿರುಳಿಗೆ ಉಸಿರು ಬಿಗಿಹಿಡಿದ ಹಾಗೆ ಆಗುವುದು ನಿಜ. ಆರೋಗ್ಯವಂತ ತಿರುಳು ಅದನ್ನು ತಡೆದುಕೊಂಡು ಚೇತರಿಸಿಕೊಳ್ಳುತ್ತದೆ ಎಂಬುದೂ ಅಷ್ಟೇ ನಿಜ. ಬೇರಿನ ತುದಿ ಇನ್ನೂ ಪೂರ್ತಿ ಕಟ್ಟದ ಮಕ್ಕಳಲ್ಲಿ ಕಿಂಡಿ ಅಗಲವಾಗಿರುವುದರಿಂದ ತಡೆದುಕೊಳ್ಳುವ ಶಕ್ತಿ ಇನ್ನೂ ಹೆಚ್ಚು.

ಎಷ್ಟು ಬಲ ಎಂಬುದರ ಮೇಲೆ ಎಲ್ಲ ನಿಂತಿದೆ. ಬಲವು ಲೋಮನಾಳಗಳೊಳಗಿನ ರಕ್ತದ ಒತ್ತಡವನ್ನು ಮೀರಬಾರದು, ಬೇರಿನ ಮೇಲ್ಮೈಯ ಚದರ ಸೆಂಟಿಮೀಟರಿಗೆ 20ರಿಂದ 26 ಗ್ರಾಂ ಸಾಕು ಎಂದು ಶ್ವಾರ್ಟ್ಸ್ 1932ರಲ್ಲೇ ಹೇಳಿದ್ದರು. ಒಂದು ಹಲ್ಲನ್ನು ವಾಲಿಸಲು 35ರಿಂದ 60 ಗ್ರಾಂ ಸಾಕಾಗುತ್ತದೆ. ಹಲ್ಲನ್ನು ಮೂಳೆಯೊಳಕ್ಕೆ ಒತ್ತುವಾಗ ಇನ್ನೂ ಕಡಿಮೆ, 10ರಿಂದ 20 ಗ್ರಾಂ. ಎರಡು ಹತ್ತು ರೂಪಾಯಿ ನಾಣ್ಯಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, ಅಷ್ಟೇ ಭಾರ. ಒಳಕ್ಕೆ ಒತ್ತುವಾಗ ಬಲವೆಲ್ಲ ಬೇರಿನ ತುದಿಯಲ್ಲೇ, ರಕ್ತನಾಳ ಒಳಹೋಗುವ ಜಾಗದಲ್ಲೇ ಸೇರುವುದರಿಂದ ಈ ಚಲನೆಗೆ ಹೆಚ್ಚು ಎಚ್ಚರ ಬೇಕು. "ಬೇಗ ಮುಗಿಯಲಿ, ಇನ್ನೂ ಸ್ವಲ್ಪ ಬಿಗಿ ಮಾಡಿ ಡಾಕ್ಟ್ರೇ" ಎಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಬಲ ಜಾಸ್ತಿಯಾದರೆ ನಾರುಪದರಕ್ಕೆ ರಕ್ತ ನಿಂತು ಅಲ್ಲಿನ ಜೀವಕೋಶಗಳೇ ಸಾಯುತ್ತವೆ, ಹಲ್ಲು ವಾರಗಟ್ಟಲೆ ಇದ್ದಲ್ಲೇ ನಿಲ್ಲುತ್ತದೆ.

ನೋವು ಬಂದಾಗ ಮೊದಲ ಕೆಲಸ: ಕ್ಯಾಲೆಂಡರ್ ನೋಡುವುದು

ತಂತಿ ಬಿಗಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಬಿಗಿತದ ನೋವಿಗೆ ಅದರದೇ ವೇಳಾಪಟ್ಟಿ ಇದೆ. ಬಿಗಿಸಿದ ಕೆಲವು ಗಂಟೆಗಳಲ್ಲಿ ಶುರುವಾಗುತ್ತದೆ, ಮರುದಿನ ಹೆಚ್ಚು, ಐದರಿಂದ ಏಳು ದಿನದೊಳಗೆ ಇಳಿಯುತ್ತದೆ. ಈ ದಿನಗಳಲ್ಲಿ ರೊಟ್ಟಿ ಕಡಿಯಲು ಆಗುವುದಿಲ್ಲ, ಗಂಜಿ, ಮೆತ್ತಗಿನ ಅನ್ನ ಸಾರು, ಇಡ್ಲಿಯಲ್ಲಿ ದಿನ ತಳ್ಳಬೇಕಾಗುತ್ತದೆ. ಇದಕ್ಕೆ ಹೆದರಬೇಕಿಲ್ಲ.

ವಾರ ಕಳೆದ ಮೇಲೂ ಉಳಿದ ನೋವು, ಬಿಗಿಸಿ ಮೂರು ವಾರವಾದ ಮೇಲೆ ಹೊಸದಾಗಿ ಹುಟ್ಟಿದ ನೋವು, ಇಳಿದು ಮತ್ತೆ ಏರಿದ ನೋವು, ಈ ಮೂರೂ ವೇಳಾಪಟ್ಟಿಯ ಹೊರಗಿನವು. ಇವಕ್ಕೆ ಬೇರೆ ಕಾರಣ ಹುಡುಕಲೇಬೇಕು.

ಬೆರಳೋ, ಅಂಗೈಯೋ

ಎಲ್ಲಿ ನೋವು ಎಂದು ತೋರಿಸಲು ಮಗುವಿಗೆ ಹೇಳಿ, ಕೈಯನ್ನು ಗಮನಿಸಿ. ಬಿಗಿತದ ನೋವಾದರೆ ಅಂಗೈಯನ್ನು ಕೆನ್ನೆಯ ಮೇಲೋ ಇಡೀ ಸಾಲಿನ ಮೇಲೋ ಸವರುತ್ತಾರೆ. ಒಂದೇ ಬೆರಳು ನೇರವಾಗಿ ಒಂದೇ ಹಲ್ಲಿಗೆ ಹೋದರೆ ಆ ಹಲ್ಲನ್ನು ಪ್ರತ್ಯೇಕವಾಗಿ ನೋಡಬೇಕು. ಇಷ್ಟು ವರ್ಷದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಪರೀಕ್ಷೆ ಇದು, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಒಂದು ಎಚ್ಚರ: ತಿರುಳಿನ ಉರಿಯೂತದ ಆರಂಭದಲ್ಲಿ ನೋವು ಕಿವಿಗೂ ಎದುರು ದವಡೆಗೂ ಹರಡಿ, ಯಾವ ಹಲ್ಲೆಂದು ಅವರಿಗೇ ಗೊತ್ತಾಗದಿರಬಹುದು. ಆಗ ಮುಂದಿನ ಪ್ರಶ್ನೆಗಳು ದಾರಿ ತೋರಿಸುತ್ತವೆ.

ಕಚ್ಚಿದಾಗ ಮಾತ್ರ ನೋವೇ? ಸುಮ್ಮನೆ ಕೂತಾಗಲೂ ಇದೆಯೇ? ಮಲಗಿದ ಮೇಲೆ ಏರುತ್ತದೆಯೇ? ಫ್ರಿಜ್ಜಿನ ನೀರು ಕುಡಿದರೆ ಜುಮ್ಮೆಂದು ತಕ್ಷಣ ಹೋಗುತ್ತದೆಯೇ, ಅಥವಾ ನೀರು ನುಂಗಿ ಅರ್ಧ ನಿಮಿಷವಾದರೂ ಸೆಳೆತ ನಿಲ್ಲುವುದಿಲ್ಲವೇ? ತಕ್ಷಣ ಹೋದರೆ ತಿರುಳು ಕೆರಳಿದೆ, ಆದರೆ ಚೇತರಿಸಿಕೊಳ್ಳುವ ಸ್ಥಿತಿಯಲ್ಲಿದೆ. ಸೆಳೆತ ಉಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವುದು, ಬಿಸಿ ಕಾಫಿಗೆ ಕೆರಳಿ ತಣ್ಣೀರು ಬಾಯಲ್ಲಿಟ್ಟುಕೊಂಡರೆ ಸಮಾಧಾನವಾಗುವುದು, ಇವು ತಿರುಳು ಕೈಮೀರುತ್ತಿರುವ ಲಕ್ಷಣ. ತಂತಿಯ ಬಿಗಿತಕ್ಕೆ ಬಿಸಿ ಕಾಫಿಯ ಹಂಗಿಲ್ಲ.

ತಿರುಳನ್ನು ದೂರುವ ಮುನ್ನ

ಕ್ಲಿಪ್ ಹಾಕಿದವರಲ್ಲಿ ಒಂದೇ ಹಲ್ಲು ನೋಯುವುದಕ್ಕೆ ತಂತಿಯ ಬಲಕ್ಕಿಂತ ಹುಳುಕು ಕಾರಣವಾಗುವುದೇ ಹೆಚ್ಚು. ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಪುಟ್ಟ ಬ್ರಾಕೆಟ್ಟಿನ ಸುತ್ತ ಬ್ರಷ್ ಸರಿಯಾಗಿ ತಾಗದಿದ್ದರೆ ನಾಲ್ಕೇ ವಾರದಲ್ಲಿ ಸುಣ್ಣದಂಥ ಬಿಳಿ ಮಚ್ಚೆ ಕಾಣಿಸಿಕೊಳ್ಳಬಹುದು. ದವಡೆ ಹಲ್ಲಿಗೆ ಉಂಗುರದಂತೆ ಕೂರಿಸಿದ ಬ್ಯಾಂಡ್ ಇದ್ದರೆ ಒಳಗಿನ ಸಿಮೆಂಟು ಕರಗಿ, ಅದರ ಅಡಿಯಲ್ಲಿ ಯಾರಿಗೂ ಕಾಣದಂತೆ ಹಲ್ಲು ಕೊಳೆಯುತ್ತದೆ. ಬ್ಯಾಂಡ್ ಬೆರಳಿಗೆ ಅಲ್ಲಾಡಿದರೆ, ಕೆಟ್ಟ ರುಚಿ ಬಂದರೆ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಬ್ಯಾಂಡ್ ಬಿಚ್ಚಿಸಿ ನೋಡಿಸಿ.

ಎರಡನೆಯದು ಕಡಿತ, ಅಂದರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದಕ್ಕೊಂದು ಕೂಡುವ ರೀತಿ. ಹಲ್ಲುಗಳು ಸರಿಯುತ್ತಿರುವಾಗ ನಿನ್ನೆ ತಾಗದ ಹಲ್ಲು ಇವತ್ತು ಎದುರಿನ ಬ್ರಾಕೆಟ್ಟಿಗೆ ತಾಗುತ್ತದೆ. ನುಂಗುವಾಗಲೂ ಅಗಿಯುವಾಗಲೂ ಆ ಒಂದೇ ಹಲ್ಲಿಗೆ ಕುಟ್ಟಿದ ಹಾಗಾಗಿ ತಿರುಳು ಕೆರಳುತ್ತದೆ. ಮಗು ನಿಧಾನವಾಗಿ ಬಾಯಿ ಮುಚ್ಚಲಿ, ಮೊದಲು ತಾಗುವುದು ಯಾವುದು ಎಂದು ಕೇಳಿ. ಅದೇ ಹಲ್ಲು ನೋಯುತ್ತಿದ್ದರೆ ಬ್ರಾಕೆಟ್ ಬದಲಿಸಿದ ಮೇಲೆ ಅಥವಾ ಕಡಿತವನ್ನು ಸ್ವಲ್ಪ ಎತ್ತಿದ ಮೇಲೆ ಕೆಲವು ದಿನಗಳಲ್ಲೇ ಸರಿಹೋಗುತ್ತದೆ.

ತಂತಿಯ ತುದಿ ಕೆನ್ನೆಗೆ ಚುಚ್ಚುವುದು, ವಸಡಿನಲ್ಲಿ ಸೀಬೆ ಬೀಜ ಸಿಕ್ಕಿಕೊಳ್ಳುವುದು ಕಣ್ಣಿಗೆ ಕಾಣುವ ಕಾರಣಗಳು, ಅವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆದರೆ ರಬ್ಬರಿನ ಬಗ್ಗೆ ಹೇಳಲೇಬೇಕು. ದವಡೆ ಹಲ್ಲಿನ ಸಂದಿ ಬಿಡಿಸಲು ಹಾಕುವ ಪುಟ್ಟ ರಬ್ಬರ್ ಉಂಗುರ ವಸಡಿನೊಳಗೆ ಜಾರಿ ಉಳಿದುಬಿಟ್ಟರೆ ಅಲ್ಲಿ ಕೀವಾಗುತ್ತದೆ. ಎಷ್ಟು ಹಾಕಿದ್ದರು, ಎಷ್ಟು ತೆಗೆದರು ಎಂದು ಎಣಿಸಿಕೊಳ್ಳಿ. ಇದಕ್ಕಿಂತ ಭೀಕರವಾದದ್ದು, ಮುಂದಿನ ಹಲ್ಲುಗಳ ನಡುವಿನ ಸಂದು ಮುಚ್ಚಲು ವಿಡಿಯೊ ನೋಡಿ ಮನೆಯಲ್ಲೇ ರಬ್ಬರ್ ಬ್ಯಾಂಡ್ ಸುತ್ತಿಕೊಳ್ಳುವುದು. ಬೇರು ತುದಿಗೆ ಹೋದಂತೆ ಸಣ್ಣಗಾಗುತ್ತದೆ, ಹಾಗಾಗಿ ಬ್ಯಾಂಡ್ ವಸಡಿನೊಳಗೆ ಜಾರಿ ಬೇರಿನ ಗುಂಟ ಏರುತ್ತಾ ನಾರುಪದರವನ್ನೂ ಮೂಳೆಯನ್ನೂ ತಿನ್ನುತ್ತಾ ಹೋಗುತ್ತದೆ. ಎಕ್ಸ್‌ರೇಯಲ್ಲಿ ರಬ್ಬರ್ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಹೀಗೆ ಮಾಡಿಕೊಂಡವರು ಎರಡೂ ಮುಂದಿನ ಹಲ್ಲು ಕಳೆದುಕೊಂಡದ್ದುಂಟು. ದಯವಿಟ್ಟು ಮಕ್ಕಳಿಗೆ ಇದನ್ನು ಹೇಳಿ.

ಬಣ್ಣ ಏನು ಹೇಳುತ್ತದೆ

ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ ನಿಲ್ಲಿಸಿ, ಹಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಹೋಲಿಸಬೇಕಾದದ್ದು ಪಕ್ಕದ ಹಲ್ಲಿಗಲ್ಲ, ಅದರ ಜೋಡಿಗೆ: ಬಲಗಡೆಯ ಮೊದಲ ಹಲ್ಲಿಗೆ ಎಡಗಡೆಯ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು. ಬಾಚಿಹಲ್ಲಿಗಿಂತ ಕೋರೆಹಲ್ಲು ಹುಟ್ಟಾ ಹಳದಿ, ಅದನ್ನು ನೋಡಿ ಗಾಬರಿಯಾಗಿ ಬಂದವರಿದ್ದಾರೆ.

ಬೂದಿ ಅಥವಾ ನೀಲಿಗಪ್ಪು ಬಣ್ಣ ತಿರುಳು ಸತ್ತಿರಬಹುದು ಎನ್ನುತ್ತದೆ. ತಿಳಿ ಗುಲಾಬಿ ಬಣ್ಣಕ್ಕೆ ಎರಡು ಅರ್ಥ: ಪೆಟ್ಟಿನಿಂದಲೋ ಬಲದಿಂದಲೋ ಒಳಗೆ ರಕ್ತ ಸೋರಿರಬಹುದು, ಇದು ಕೆಲವೊಮ್ಮೆ ತಾನಾಗಿ ತಿಳಿಯಾಗುತ್ತದೆ. ಅಥವಾ ಹಲ್ಲಿನ ಗೋಡೆಯೇ ಒಳಗಿನಿಂದಲೋ ವಸಡಿನ ಅಂಚಿನಿಂದಲೋ ಕರಗುತ್ತಿರಬಹುದು, ಇದಕ್ಕೆ ತಡಮಾಡುವಂತಿಲ್ಲ. ಹಳದಿಯಾದರೆ ತಿರುಳು ಬದುಕಿದ್ದು, ತನ್ನ ಸುತ್ತ ಡೆಂಟಿನ್ ಪೇರಿಸಿಕೊಳ್ಳುತ್ತಾ ಕೋಣೆಯನ್ನು ತಾನೇ ಕಿರಿದು ಮಾಡಿಕೊಂಡಿದೆ ಎಂದರ್ಥ.

ನಮ್ಮ ಕೋಲಾರ, ಪಾವಗಡ, ರಾಯಚೂರು, ಕೊಪ್ಪಳದ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅಲ್ಲಿನ ಮಕ್ಕಳ ಹಲ್ಲಿನ ಕಂದು, ಬಿಳಿ ಪಟ್ಟೆಗಳು ಹಲ್ಲು ರೂಪುಗೊಳ್ಳುವಾಗಲೇ ಬಂದವು, ಎರಡೂ ಬದಿಯ ಜೋಡಿ ಹಲ್ಲುಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕ್ಲಿಪ್ ಹಾಕುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟರೆ ಆಮೇಲಿನ ವಾದವೆಲ್ಲ ತಪ್ಪುತ್ತದೆ.

ಎಂದೋ ಬಿದ್ದ ಪೆಟ್ಟು

ಆ ಹುಡುಗಿಯ ತಾಯಿಗೆ ನಾನು ಕೇಳಿದ ಮೊದಲ ಪ್ರಶ್ನೆ, "ಚಿಕ್ಕವಳಿದ್ದಾಗ ಬಿದ್ದಿದ್ಲಾ ಅಮ್ಮಾ?" ಅವರು ಇಲ್ಲ ಎಂದರು. ಹುಡುಗಿಯೇ ಬಾಯಿಂದ ಹತ್ತಿ ತೆಗೆದು, "ಅಮ್ಮಾ, ಅಜ್ಜಿ ಮನೆ ಹೊಸ್ತಿಲು ಎಡವಿದ್ನಲ್ಲ" ಅಂದಳು. ಒಂಬತ್ತು ವರ್ಷದವಳಿದ್ದಾಗ. ತುಟಿ ಒಡೆದಿತ್ತು, ಹಲ್ಲು ಸ್ವಲ್ಪ ಅಲ್ಲಾಡುತ್ತಿತ್ತು, ವಾರದಲ್ಲಿ ಗಟ್ಟಿಯಾಯಿತು, ಎಲ್ಲರೂ ಮರೆತರು.

ಪೆಟ್ಟು ತಿಂದ ಹಲ್ಲಿನ ರಕ್ತಸಂಚಾರ ಒಮ್ಮೆ ಕೆಟ್ಟು ರಿಪೇರಿಯಾಗಿರುತ್ತದೆ. ಒಳಗೆ ಗಾಯದ ಕಲೆಯಂಥ ನಾರು ತುಂಬಿರಬಹುದು, ಕೋಣೆ ಕಿರಿದಾಗಿರಬಹುದು. ದಿನನಿತ್ಯದ ಬಳಕೆಗೆ ಅದು ಸಾಕು. ತಂತಿಯ ಬಲ ಬಿದ್ದಾಗ ಬೇರೆ ಹಲ್ಲುಗಳಿಗೆ ಇರುವ ಮೀಸಲು ಶಕ್ತಿ ಇದಕ್ಕಿರುವುದಿಲ್ಲ. ಕ್ಲಿಪ್ಪಿನ ಜೊತೆ ತಿರುಳು ಸತ್ತ ಹಲ್ಲು ಕಂಡಾಗಲೆಲ್ಲ ಹಿಂದೆ ಹೋಗಿ ವಿಚಾರಿಸಿದರೆ ಒಂದು ಪೆಟ್ಟೋ ಆಳವಾದ ಹುಳುಕೋ ಸಿಗುವುದೇ ಹೆಚ್ಚು. ಸೈಕಲ್, ಕಬಡ್ಡಿ, ಶಾಲೆಯ ಮೆಟ್ಟಿಲು, ಅಣ್ಣತಮ್ಮಂದಿರ ಮೊಣಕೈ, ಎಲ್ಲವನ್ನೂ ನೆನಪಿಸಿಕೊಂಡು ಕ್ಲಿಪ್ ಹಾಕುವ ಮೊದಲೇ ಡಾಕ್ಟರಿಗೆ ಹೇಳಿ. ಸಣ್ಣ ಪೆಟ್ಟಾಗಿದ್ದರೆ ಸುಮಾರು 3 ತಿಂಗಳು, ಹಲ್ಲು ಜಾಗ ಬಿಟ್ಟು ಸರಿದಿದ್ದರೆ, ಬೇರು ಮುರಿದಿದ್ದರೆ ಅಥವಾ ಕಿತ್ತು ಬಂದದ್ದನ್ನು ಮತ್ತೆ ಕೂರಿಸಿದ್ದರೆ 6 ತಿಂಗಳಿಂದ 1 ವರ್ಷ ಕಾದು, ಎಕ್ಸ್‌ರೇ ನೋಡಿ, ಆಮೇಲೆ ಕಡಿಮೆ ಬಲದಲ್ಲಿ ಶುರುಮಾಡುವುದು ವಾಡಿಕೆ. ಚಿಕಿತ್ಸೆಯ ನಡುವೆ ಬಿದ್ದರೂ ಅಷ್ಟೇ, ಆ ಹಲ್ಲಿಗೆ ಬಿಡುವು ಬೇಕು.

ದಂತವೈದ್ಯರ ಕುರ್ಚಿಯಲ್ಲಿ: ದಾರಿ ತಪ್ಪಿಸುವ ಮೂರು ಪರೀಕ್ಷೆಗಳು

ಬೇರೆ ಹಲ್ಲುಗಳಲ್ಲಿ ನಾವು ನಂಬುವ ಮೂರು ಪರೀಕ್ಷೆಗಳು ಸರಿಯುತ್ತಿರುವ ಹಲ್ಲಿನಲ್ಲಿ ದಾರಿ ತಪ್ಪಿಸುತ್ತವೆ.

ಒಂದು, ಕರೆಂಟ್ ಪರೀಕ್ಷೆ. ಸಣ್ಣ ವಿದ್ಯುತ್ ಹರಿಸಿ ನರ ಎಷ್ಟಕ್ಕೆ ಎಚ್ಚೆತ್ತುಕೊಳ್ಳುತ್ತದೆ ಎಂದು ಅಳೆಯುವ ಯಂತ್ರ. ಕ್ಲಿಪ್ಪಿನ ಬಲದಲ್ಲಿರುವ ಹಲ್ಲಿನ ನರ ಮಂಕಾಗಿರುತ್ತದೆ, ಮೊದಲಿಗಿಂತ ಹೆಚ್ಚು ಕರೆಂಟ್ ಬೇಕಾಗುತ್ತದೆ. ಕೆಲವು ಹಲ್ಲು ಯಂತ್ರದ ಕೊನೆಯ ಅಂಕಿವರೆಗೂ ಸುಮ್ಮನಿರುತ್ತವೆ. ಸಾಲದ್ದಕ್ಕೆ ಲೋಹದ ತಂತಿ ಕರೆಂಟನ್ನು ಪಕ್ಕದ ಹಲ್ಲಿಗೆ ಒಯ್ದು, ಸತ್ತ ಹಲ್ಲನ್ನೂ ಬದುಕಿದೆ ಎಂದು ತೋರಿಸಬಹುದು. ಯಂತ್ರ ಅಳೆಯುವುದು ನರದ ಸ್ಪಂದನೆಯನ್ನು. ಹಲ್ಲು ಬದುಕಿರುವುದು ರಕ್ತದಿಂದ.

ಎರಡು, ಉಪಕರಣದ ಹಿಡಿಕೆಯಿಂದ ಹಲ್ಲನ್ನು ತಟ್ಟಿ ನೋಡುವುದು. ಸರಿಯುತ್ತಿರುವ ಎಲ್ಲ ಹಲ್ಲೂ ತಟ್ಟಿದರೆ ನೋಯುತ್ತದೆ.

ಮೂರು, ಎಕ್ಸ್‌ರೇಯಲ್ಲಿ ಬೇರಿನ ಸುತ್ತಲಿನ ಕಪ್ಪು ಗೆರೆ ಅಗಲವಾಗಿ ಕಾಣುವುದು. ಬೇರೆ ಕಡೆ ಇದು ಸೋಂಕಿನ ಮೊದಲ ಗುರುತು. ಕ್ಲಿಪ್ ಹಾಕಿದ ಬಾಯಲ್ಲಿ ಹಲ್ಲು ಸರಿಯುತ್ತಿದೆ ಎಂಬುದಕ್ಕೂ ಇದೇ ಗುರುತು. ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಅಂಗುಳಿನ ನರ ಹಾದುಬರುವ ರಂಧ್ರ ಒಂದು ಬೇರಿನ ತುದಿಯ ಮೇಲೆ ಬಿದ್ದು ಕೀವಿನಂತೆ ಕಾಣುವುದೂ ಉಂಟು. ಎಕ್ಸ್‌ರೇಯ ಕೋನ ಬದಲಿಸಿ ಇನ್ನೊಂದು ತೆಗೆದರೆ ರಂಧ್ರದ ನೆರಳು ಬೇರಿನಿಂದ ಆಚೆ ಸರಿಯುತ್ತದೆ, ಕೀವಿನ ನೆರಳು ಬೇರಿಗೇ ಅಂಟಿಕೊಂಡಿರುತ್ತದೆ.

ನಾನು ಹೆಚ್ಚು ನೆಚ್ಚಿಕೊಳ್ಳುವುದು ತಣ್ಣನೆಯ ಪರೀಕ್ಷೆಯನ್ನು. ಚಿಮುಟದಲ್ಲಿ ಹತ್ತಿಯ ಸಣ್ಣ ಉಂಡೆ ಹಿಡಿದು ಶೀತದ ಸ್ಪ್ರೇ ಹೊಡೆದರೆ ಉಂಡೆಗೆ ಬೆಳ್ಳಗೆ ಹಿಮ ಕಟ್ಟುತ್ತದೆ. ಆ ದ್ರವ ಕುದಿಯುವುದೇ ಸೊನ್ನೆಗಿಂತ 26 ಡಿಗ್ರಿ ಕೆಳಗೆ. ಹಲ್ಲನ್ನು ಒಣಗಿಸಿ, ಬ್ರಾಕೆಟ್ಟಿಗೂ ವಸಡಿಗೂ ನಡುವೆ ಉಳಿದ ಎನಾಮಲ್ ಮೇಲೆ ಉಂಡೆ ಒತ್ತಬೇಕು, ಲೋಹಕ್ಕೆ ತಾಗಬಾರದು. ಚೀಟಿ ತಂದ ಹುಡುಗನಿಗೆ ಹೇಳಿದೆ: "ತಣ್ಣಗೆ ಅನ್ನಿಸಿದ ಕೂಡಲೇ ಎಡಗೈ ಎತ್ತು. ಹೋದ ಕೂಡಲೇ ಇಳಿಸು." ಮೊದಲು ಜೋಡಿ ಹಲ್ಲು. ಎರಡು ಸೆಕೆಂಡಿಗೆ ಕೈ ಮೇಲೆದ್ದಿತು, ಉಂಡೆ ತೆಗೆದ ಕೂಡಲೇ ಇಳಿಯಿತು. ಆಮೇಲೆ ಅನುಮಾನದ ಹಲ್ಲು. ಒಂದು, ಎರಡು, ಮೂರು, ನಾಲ್ಕು... ಕೈ ಎದ್ದಿತು. ಉಂಡೆ ತೆಗೆದೆ, ಇಳಿಯಿತು. "ಇದ್ರಲ್ಲಿ ಸ್ವಲ್ಪ ಲೇಟಾಗಿ ಬಂತು ಸಾರ್" ಅಂದ. ನಿಧಾನವಾದರೂ ಹಲ್ಲು ಬದುಕಿತ್ತು. ಬಣ್ಣ ಸರಿಯಿತ್ತು, ಎಕ್ಸ್‌ರೇಯಲ್ಲಿ ಬೇರಿನ ತುದಿ ಶುದ್ಧವಾಗಿತ್ತು. ಕೊರೆಯುವ ಪ್ರಶ್ನೆಯೇ ಇರಲಿಲ್ಲ. ಆ ಹಲ್ಲಿನ ಮೇಲಿನ ಬಲ ಕಡಿಮೆ ಮಾಡಿ ಎಂದು ಚೀಟಿ ಬರೆದು ವಾಪಸ್ ಕಳಿಸಿದೆ. ಕ್ಲಿಪ್ ತೆಗೆದ ಮೇಲೆ ಬಂದಾಗ ಎರಡೂ ಹಲ್ಲು ಒಟ್ಟಿಗೇ ಸ್ಪಂದಿಸಿದವು.

ಹುಡುಗಿಯ ಹಲ್ಲಿನ ಮೇಲೆ ಅದೇ ಉಂಡೆ ಹದಿನೈದು ಸೆಕೆಂಡ್ ಇಟ್ಟೆ. ಹಿಮ ಕರಗಿ ತುಟಿಯ ಮೇಲೆ ಹನಿಯಿತು. ಅವಳ ಕೈ ತೊಡೆಯ ಮೇಲೆಯೇ ಇತ್ತು.

ಕೊರೆಯಬೇಕೋ, ಕಾಯಬೇಕೋ

ಒಂದೇ ಪರೀಕ್ಷೆ, ಒಂದೇ ಭೇಟಿಯಲ್ಲಿ ಹಲ್ಲು ಸತ್ತಿದೆ ಎಂದು ತೀರ್ಮಾನಿಸಬಾರದು. ನೋವಿಲ್ಲ, ಊತವಿಲ್ಲ, ಬರೀ ಸ್ಪಂದನೆ ಇಲ್ಲ ಎಂದಾದರೆ ಆ ಹಲ್ಲನ್ನು ತಂತಿಯಿಂದ ಬಿಡಿಸಿ, ಮೂರ್ನಾಲ್ಕು ವಾರ ಬಿಟ್ಟು ಮತ್ತೆ, ಮೂರು ತಿಂಗಳಿಗೆ ಇನ್ನೊಮ್ಮೆ ನೋಡಬೇಕು. ತಣ್ಣನೆಗೆ ಪದೇ ಪದೇ ಸ್ಪಂದಿಸದಿರುವುದರ ಜೊತೆಗೆ ಬೂದಿ ಬಣ್ಣ, ಬೇರಿನ ತುದಿಯಲ್ಲಿ ದುಂಡಗಿನ ಕಪ್ಪು ನೆರಳು, ವಸಡಿನ ಮೇಲೆ ಒಡೆದು ಮತ್ತೆ ತುಂಬುವ ಕೀವುಗುಳ್ಳೆ, ಇವುಗಳಲ್ಲಿ ಇನ್ನೊಂದಾದರೂ ಸೇರಿದಾಗ ಮಾತ್ರ ರೂಟ್ ಕೆನಾಲ್ ಮಾತು. ಕೀವುಗುಳ್ಳೆಯೊಂದೇ ಇದ್ದರೂ ತಕ್ಷಣ ತೋರಿಸಿ. ರಾತ್ರಿಯ ಸೆಳೆತ ನಿಲ್ಲದಿದ್ದರೆ ಹಲ್ಲು ಸ್ಪಂದಿಸುತ್ತಿದ್ದರೂ ಕಾಯುವುದರಲ್ಲಿ ಅರ್ಥವಿಲ್ಲ.

ಚೀಟಿ ಕೊಟ್ಟವರ ಮೇಲೆ ಅನುಮಾನವಿದ್ದರೆ ಇನ್ನೊಬ್ಬರ ಅಭಿಪ್ರಾಯ ಕೇಳಲು ಸಂಕೋಚ ಬೇಡ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, ಮಣಿಪಾಲ, ಧಾರವಾಡ, ದಾವಣಗೆರೆ, ಮೈಸೂರಿನ ದಂತ ಕಾಲೇಜುಗಳಲ್ಲಿ ಕ್ಲಿಪ್ಪಿನ ವಿಭಾಗವೂ ರೂಟ್ ಕೆನಾಲ್ ವಿಭಾಗವೂ ಒಂದೇ ಸೂರಿನಡಿ ಇವೆ. ತಾಲ್ಲೂಕಿನ ಕ್ಲಿನಿಕ್ಕಿಗೆ ಕ್ಲಿಪ್ಪಿನ ತಜ್ಞರು ತಿಂಗಳಿಗೊಮ್ಮೆ ಮಾತ್ರ ಬರುವುದಾದರೆ, ನಡುವಿನ ದಿನಗಳಲ್ಲಿ ಯಾರಿಗೆ ಫೋನ್ ಮಾಡಬೇಕು ಎಂದು ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಮನೆಮದ್ದಿನ ಬಗ್ಗೆ ಎರಡು ಮಾತು. ಬಿಗಿತದ ನೋವಿಗೆ ವಯಸ್ಸಿಗೆ ತಕ್ಕ ಪ್ರಮಾಣದ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ. ಲವಂಗದ ಎಣ್ಣೆ ವಸಡನ್ನು ಸುಡುತ್ತದೆ, ನೋವನ್ನು ಮರೆಮಾಡಿ ದಿನ ಕಳೆಯುವಂತೆ ಮಾಡುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಆಂಟಿಬಯಾಟಿಕ್‌ನಿಂದ ತಿರುಳಿನ ಉರಿಯೂತ ವಾಸಿಯಾಗುವುದಿಲ್ಲ. ರಕ್ತಸಂಚಾರವೇ ನಿಂತ ಕೋಣೆಗೆ ಔಷಧಿ ತಲುಪುವುದೇ ಇಲ್ಲ. ಮುಖ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನೋವಿಲ್ಲದೆ ನಡೆಯುವ ಇನ್ನೊಂದು

ಬೇರಿನ ತುದಿ ಸವೆಯುವುದು ತಿರುಳಿನ ಕಾಯಿಲೆಯಲ್ಲ, ಆದರೆ ಜನ ಎರಡನ್ನೂ ಸೇರಿಸಿ ಹೆದರುತ್ತಾರೆ. ಕ್ಲಿಪ್ ಹಾಕಿದ ಹೆಚ್ಚಿನವರಲ್ಲಿ ಬೇರು ಒಂದಿಷ್ಟು ಮೊಂಡಾಗುತ್ತದೆ. ತಿರುಳು ಬದುಕೇ ಇರುತ್ತದೆ, ನೋವಿರುವುದಿಲ್ಲ. ಬೇರಿನ ಮೂರನೇ ಒಂದು ಭಾಗದಷ್ಟು ಅಥವಾ 4 ಮಿಲಿಮೀಟರಿಗಿಂತ ಹೆಚ್ಚು ಸವೆಯುವುದು ನೂರರಲ್ಲಿ ಕೆಲವರಿಗೆ ಮಾತ್ರ. ಗೊತ್ತಾಗುವುದು ಎಕ್ಸ್‌ರೇಯಲ್ಲಷ್ಟೇ. ಹಾಗಾಗಿ ಆರರಿಂದ ಹನ್ನೆರಡು ತಿಂಗಳೊಳಗೆ ಒಮ್ಮೆ ಎಕ್ಸ್‌ರೇ ತೆಗೆದು ನೋಡುವುದು ಒಳ್ಳೆಯದು. ಸವೆತ ಕಂಡರೆ ಎರಡು ಮೂರು ತಿಂಗಳು ಬಲ ನಿಲ್ಲಿಸಿ, ಆಮೇಲೆ ಮುಂದುವರಿಸುತ್ತಾರೆ.

ವಸಡಿನ ಅಂಚಿನಲ್ಲಿ ಹೊರಗಿನಿಂದ ಕೊರೆಯುವ ಸವೆತ ಬೇರೆ, ಅಪರೂಪ, ಹೆಚ್ಚು ಅಪಾಯಕಾರಿ. ಆಸ್ಟ್ರೇಲಿಯಾದ ಹೀದರ್ಸೇ 1999ರಲ್ಲಿ ಇಂಥ 222 ಜನರ 257 ಹಲ್ಲುಗಳನ್ನು ವಿಶ್ಲೇಷಿಸಿದಾಗ, ಒಂಟಿ ಕಾರಣಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಹಿಂದೆ ಮಾಡಿಸಿಕೊಂಡ ಕ್ಲಿಪ್ ಚಿಕಿತ್ಸೆ, ಶೇ 24.1 ಹಲ್ಲುಗಳಲ್ಲಿ. ಇದು ಕ್ಲಿಪ್ ತೆಗೆದು ವರ್ಷಗಳಾದ ಮೇಲೆಯೂ ಕಾಣಿಸಿಕೊಳ್ಳಬಹುದು. ವಸಡಿನ ಹತ್ತಿರ ಸಾಸಿವೆಯಷ್ಟು ಗುಲಾಬಿ ಚುಕ್ಕೆ ಕಂಡರೆ ನೆನಪಿರಲಿ.

ಕ್ಲಿಪ್ ತೆಗೆಯುವ ದಿನ ಮತ್ತು ಆಮೇಲೆ

ಬ್ರಾಕೆಟ್ ಕಿತ್ತ ಮೇಲೆ ಹಲ್ಲಿಗೆ ಅಂಟಿದ ಗೋಂದನ್ನು ಯಂತ್ರದಿಂದ ಉಜ್ಜಿ ತೆಗೆಯುತ್ತಾರೆ. ಉಜ್ಜಿದಾಗ ಶಾಖ ಹುಟ್ಟುತ್ತದೆ. ಜ್ಯಾಕ್ ಮತ್ತು ಕೋಹೆನ್ 1965ರಲ್ಲಿ ಕೋತಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ತಿರುಳಿನ ಉಷ್ಣತೆ 5.5 ಡಿಗ್ರಿ ಸೆಲ್ಸಿಯಸ್ ಏರಿದಾಗ ಶೇ 15ರಷ್ಟು ಹಲ್ಲುಗಳ ತಿರುಳು ಚೇತರಿಸಿಕೊಳ್ಳಲಿಲ್ಲ. ಆದ್ದರಿಂದ ಒಂದೇ ಹಲ್ಲಿನ ಮೇಲೆ ಯಂತ್ರ ಒತ್ತಿ ನಿಲ್ಲಿಸಬಾರದು, ನೀರು ಅಥವಾ ಗಾಳಿ ಹಾಯಿಸುತ್ತಾ ಬಿಟ್ಟು ಬಿಟ್ಟು ಉಜ್ಜಬೇಕು. ಆ ಹೊತ್ತಿನಲ್ಲಿ ಹಲ್ಲು ಬಿಸಿಯಾದರೆ ಕೈ ಎತ್ತಿ ನಿಲ್ಲಿಸುವ ಹಕ್ಕು ನಿಮಗಿದೆ. ತೆಗೆದ ಮೇಲೆ ಕೆಲವು ದಿನ ತಣ್ಣೀರಿಗೆ ಜುಮ್ಮೆನ್ನುವುದು ಸಹಜ.

ವರ್ಷಗಳ ನಂತರ ಒಂದು ಹಲ್ಲು ಹಳದಿಯಾದರೆ, ನೋವಿಲ್ಲದಿದ್ದರೆ, ಎಕ್ಸ್‌ರೇಯಲ್ಲಿ ಬೇರಿನ ತುದಿ ಚೆನ್ನಾಗಿದ್ದರೆ ಅದನ್ನು ಕೊರೆಯಬೇಡಿ. ಕಿರಿದಾದ ನಾಳ ಹುಡುಕುತ್ತಾ ಹೋಗಿ ಬೇರನ್ನೇ ತೂತು ಮಾಡಿದ ಪ್ರಕರಣಗಳಿವೆ. ವರ್ಷಕ್ಕೊಮ್ಮೆ ನೋಡಿಸಿದರೆ ಸಾಕು.

ಆ ಹುಡುಗಿಯ ಹಲ್ಲನ್ನು ತಂತಿಯಿಂದ ಬಿಡಿಸಿ ತೆರೆದಾಗ ಅರಿವಳಿಕೆಯ ಅಗತ್ಯವೇ ಬೀಳಲಿಲ್ಲ. ಒಳಗೆ ಇಳಿಸಿದ ಮೊದಲ ಸೂಜಿಯ ತುದಿಗೆ ಕಂದು ನೀರು ಹತ್ತಿತ್ತು, ಹಳಸಿದ ವಾಸನೆ ಬಂತು. ನಾಳ ತೊಳೆದು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು, ಕೆಲವು ವಾರದ ನಂತರ ತುಂಬಿಸಿದೆ. "ನರ ತೆಗೆದ ಹಲ್ಲು ಇನ್ನು ಸರಿಯುತ್ತಾ ಡಾಕ್ಟ್ರೇ?" ಎಂದು ತಾಯಿ ಕೇಳಿದರು. ಹಲ್ಲನ್ನು ಸರಿಸುವುದು ಹೊರಗಿನ ನಾರುಪದರ, ಅದು ಚೆನ್ನಾಗಿದೆ, ಸರಿಯುತ್ತದೆ ಎಂದೆ. ಆರು ತಿಂಗಳಿಗೆ ಎಕ್ಸ್‌ರೇಯಲ್ಲಿ ಬೇರಿನ ತುದಿಯ ಕಪ್ಪು ನೆರಳು ಚಿಕ್ಕದಾಗುತ್ತಿರುವುದನ್ನು ನೋಡಿ ಮತ್ತೆ ತಂತಿಗೆ ಸೇರಿಸಿದರು. ಕ್ಲಿಪ್ ತೆಗೆದ ಮೇಲೆ ಒಳಗಿನಿಂದ ಬ್ಲೀಚ್ ಮಾಡಿ ಬಣ್ಣ ತಿಳಿಗೊಳಿಸಿದೆ. ಕೊನೆಯ ಎಕ್ಸ್‌ರೇಯಲ್ಲಿ ಬೇರಿನ ತುದಿಯ ಸುತ್ತ ಮೂಳೆಯ ಜಾಲ ತುಂಬಿಕೊಂಡಿತ್ತು, ಕಪ್ಪು ನೆರಳು ಇದ್ದ ಜಾಗವನ್ನು ಹಳೆಯ ಎಕ್ಸ್‌ರೇ ಪಕ್ಕದಲ್ಲಿಟ್ಟು ತೋರಿಸಬೇಕಾಯಿತು.